ಅಕ್ಕನನ್ನು ಕೇಳಿ: ಈ ಸಲ ಪೂರ್ತಿ ಜರ್ಮನಿ

ಹೋದ ಸಂಚಿಕೆಯಲ್ಲಿ ಯಾರೋ ಮಳೆಗಾಲದ ಬೂಟ್ಸ್ ಬಗ್ಗೆ ಕೇಳಿದ್ದರು. ಜರ್ಮನಿಯಲ್ಲಿರುವ ತಂಗಿ ಮನೆಯಿಂದ ತಂದ ಬೂಟ್ಸ್ ವಿಷಯ ಎರಡು ಸಾಲು ಬರೆದಿದ್ದೆ. ಬೂಟ್ಸ್ ಯಾರಿಗೂ ಬೇಡವಂತೆ. ಬಂದ ಪತ್ರಗಳೆಲ್ಲ ಜರ್ಮನಿ ಬಗ್ಗೆ. ಸರಿ, ಮಿಕ್ಕ ಪ್ರಶ್ನೆಗಳು ಮುಂದಿನ ತಿಂಗಳಿಗೆ ಇರಲಿ. ಮೊದಲೇ ಹೇಳಿಬಿಡುತ್ತೇನೆ, ನಾನು ಟ್ರಾವೆಲ್ ಏಜೆಂಟ್ ಅಲ್ಲ. ಕೊಡಗಿನ ಕಕ್ಕಬ್ಬೆ ಕಡೆ ತೋಟದ ಮನೆಯಲ್ಲಿ ಹೋಂಸ್ಟೇ ನಡೆಸುವವಳು. ತಂಗಿ ಫ್ರೈಬುರ್ಗ್‌ನಲ್ಲಿ ನರ್ಸ್. ಆಗಾಗ ಹೋಗಿ ಬರುತ್ತೇನೆ. ಅಷ್ಟೇ ನನ್ನ ಅರ್ಹತೆ.

ಅಕ್ಕಾ, ನಾವಿಬ್ಬರೂ ಅರವತ್ತು ದಾಟಿದವರು. ಮಗ ಯುರೋಪ್ ಪ್ಯಾಕೇಜ್ ಬುಕ್ ಮಾಡ್ತೀನಿ ಅಂತಾನೆ. ಒಂಬತ್ತು ದಿನಕ್ಕೆ ಐದು ದೇಶ. ಜರ್ಮನಿಗೆ ಒಂದೂವರೆ ದಿನ ಸಿಗುತ್ತದಂತೆ. ಹೋಗಬಹುದಾ? ಯಾವ ತಿಂಗಳು ಒಳ್ಳೆಯದು?
— ಓದುಗ ದಂಪತಿ, ಮೂರ್ನಾಡು

ಹೋಗಬಹುದು, ಬಸ್ಸಿನ ಕಿಟಕಿ ಚೆನ್ನಾಗಿದ್ದರೆ! ಜರ್ಮನಿಯ ನೈಋತ್ಯ ಮೂಲೆಯ ಕಾಡುಬೆಟ್ಟದ ಸೀಮೆ ಬ್ಲ್ಯಾಕ್ ಫಾರೆಸ್ಟ್. ಈ ಪ್ಯಾಕೇಜುಗಳಲ್ಲಿ ಅದು ಅಂದರೆ ಟಿಟಿಸೀ ಕೆರೆಯ ಪಕ್ಕ ಬಸ್ಸು ನಿಲ್ಲಿಸಿ, ಕೋಗಿಲೆ ಗಡಿಯಾರದ ಅಂಗಡಿಗೆ ಕರೆದುಕೊಂಡು ಹೋಗಿ, ಒಂದು ತುಂಡು ಕೇಕ್ ತಿನ್ನಿಸಿ ವಾಪಸ್ ಹತ್ತಿಸುವುದು. ಅದು ಕಾಡು ನೋಡಿದ್ದಲ್ಲ, ಕಾಡಿನ ಪಾರ್ಕಿಂಗ್ ನೋಡಿದ್ದು.

ನಮ್ಮೂರಿಗೆ ಬಂದು ಒಂದೇ ದಿನದಲ್ಲಿ ರಾಜಾಸೀಟು, ಅಬ್ಬಿ ಫಾಲ್ಸ್, ದುಬಾರೆ, ಬೈಲುಕುಪ್ಪೆ ಎಲ್ಲ ಮುಗಿಸಿ "ಕೂರ್ಗ್ ಆಯ್ತು" ಅನ್ನುವವರನ್ನು ನೋಡಿ ನಾವು ನಗುತ್ತೇವೆ ಅಲ್ವಾ? ಅಲ್ಲಿಗೆ ಹೋಗಿ ನಾವೂ ಅದನ್ನೇ ಮಾಡಬೇಕಾ? ಒಂದು ಕಡೆ ಉಳಿಯಿರಿ. ಒಂದೇ ಸೀಮೆ ನೋಡಿ. ಎಲ್ಲ ಪತ್ರಗಳಿಗೂ ನನ್ನ ಉತ್ತರದ ತಿರುಳು ಇಷ್ಟೇ, ಮಿಕ್ಕಿದ್ದೆಲ್ಲ ವಿವರ.

ತಿಂಗಳು ಅಂದಿರಿ. ತೋಟ ಇರುವವರಿಗೆ ಕ್ಯಾಲೆಂಡರ್ ತೋಟದ್ದೇ. ನವೆಂಬರ್‌ನಿಂದ ಫೆಬ್ರವರಿ, ಮಾರ್ಚ್‌ವರೆಗೆ ಕಾಫಿ ಕೊಯ್ಲು. ಆಮೇಲೆ ಕಾಫಿ ಅರಳಿಸುವ ಹೂಮಳೆ ಬಂತಾ ಇಲ್ವಾ, ಸ್ಪ್ರಿಂಕ್ಲರ್ ಹಾಕಬೇಕಾ ಅನ್ನುವ ಚಿಂತೆ. ಹಾಗಾಗಿ ಉಳಿಯುವುದು ಎರಡು ಸಂದು. ಒಂದು ಮೇ ತಿಂಗಳು. ಇನ್ನೊಂದು, ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಮುಗಿಸಿ ಸೆಪ್ಟೆಂಬರ್ ಮಧ್ಯದಲ್ಲಿ ಹೊರಟು, ಕಾವೇರಿ ಸಂಕ್ರಮಣಕ್ಕೆ ಮನೆ ಸೇರುವುದು. ಅದೃಷ್ಟಕ್ಕೆ ಅಲ್ಲೂ ಆ ಎರಡು ಕಾಲವೇ ಚೆಂದ. ಮೇ ಕೊನೆಯಲ್ಲಿ ರಾತ್ರಿ ಒಂಬತ್ತರವರೆಗೆ ಬೆಳಕಿರುತ್ತದೆ. ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ ಸಂತೆಗಳು ಸೊಗಸಾಗಿರುತ್ತವೆ, ಡ್ರೆಸ್ಡೆನ್‌ನ ಸಂತೆ 1434ರಿಂದ ನಡೆಯುತ್ತಿದೆ. ಆದರೆ ಸಂಜೆ ನಾಲ್ಕೂವರೆಗೆಲ್ಲ ಕತ್ತಲು, ಮೈ ಕೊರೆಯುವ ಚಳಿ. ಮಂಡಿನೋವು ಇದ್ದರೆ ಬೇಡ.

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನ ಇದೆ. ಅಲ್ಲಿಂದ ರೈಲಿನಲ್ಲಿ ಫ್ರೈಬುರ್ಗ್. ಫ್ರೈಬುರ್ಗ್‌ನಿಂದ ಹ್ಯೋಲೆನ್‌ಟಾಲ್ ಕಣಿವೆಯಲ್ಲಿ ಹತ್ತುವ ಚಿಕ್ಕ ರೈಲು ಹಿಡಿಯಿರಿ. ಸುಮಾರು 280 ಮೀಟರ್ ಎತ್ತರದ ಊರಿನಿಂದ 885 ಮೀಟರ್ ಎತ್ತರದ ಹಿಂಟರ್‌ತ್ಸಾರ್ಟನ್‌ಗೆ ಅರ್ಧ ಗಂಟೆ ಚಿಲ್ಲರೆಯಲ್ಲಿ ತಲುಪಿಸುತ್ತದೆ. ನಮ್ಮ ಜಿಲ್ಲೆಯಲ್ಲಿ ರೈಲೇ ಇಲ್ಲ, ಹಾಗಾಗಿ ಬಂಡೆ ಕೊರೆದ ಸುರಂಗದಲ್ಲಿ ರೈಲು ಘಟ್ಟ ಹತ್ತುವುದನ್ನು ನಮ್ಮ ಯಜಮಾನರು ಮಗುವಿನ ಹಾಗೆ ಮೂಗು ಗಾಜಿಗೆ ಒತ್ತಿ ನೋಡಿದರು. ಹಿಂಟರ್‌ತ್ಸಾರ್ಟನ್‌ನಲ್ಲೋ ಟಿಟಿಸೀಯಲ್ಲೋ ರೂಮು ಮಾಡಿ. ಉಳಿಯುವವರಿಗೆ ಕೋನುಸ್ ಅಂತ ಅತಿಥಿ ಕಾರ್ಡ್ ಕೊಡುತ್ತಾರೆ. ರೂಮಿನ ಜೊತೆ ಕಟ್ಟುವ ಪ್ರವಾಸಿ ತೆರಿಗೆಯಲ್ಲೇ ಅದು ಸೇರಿರುತ್ತದೆ. ಅದನ್ನು ತೋರಿಸಿದರೆ ಬ್ಲ್ಯಾಕ್ ಫಾರೆಸ್ಟ್ ಸೀಮೆಯ ಬಸ್ಸು, ಲೋಕಲ್ ರೈಲು ಬಿಟ್ಟಿ. ರೂಮು ಬುಕ್ ಮಾಡುವಾಗಲೇ ಕೇಳಿಕೊಳ್ಳಿ.

ಇನ್ನು ಬೆಟ್ಟ. ಆ ಸೀಮೆಯ ಅತಿ ಎತ್ತರದ ಫೆಲ್ಡ್‌ಬರ್ಗ್ 1493 ಮೀಟರ್. ನಮ್ಮ ತಡಿಯಂಡಮೋಳ್ 1748. ಎದೆಯುಬ್ಬಿಸಿಕೊಂಡು ಹೋಗಿ! ಆದರೆ ದಾರಿಯ ವಿಷಯದಲ್ಲಿ ಅವರೇ ಮುಂದೆ. ಪ್ರತಿ ಕವಲಿನಲ್ಲೂ ಹಳದಿ ವಜ್ರಾಕಾರದ ಗುರುತು, ಎಷ್ಟು ಕಿಲೋಮೀಟರ್ ಅಂತ ಬರೆದ ಹಲಗೆ, ಒಂದಷ್ಟು ದೂರಕ್ಕೊಂದು ಬೆಂಚು. 1864ರಲ್ಲಿ ಶುರುವಾದ ಅಲ್ಲಿನ ನಡಿಗೆ ಸಂಘದ ಸ್ವಯಂಸೇವಕರೇ ಈ ಗುರುತುಗಳನ್ನು ನೋಡಿಕೊಳ್ಳುತ್ತಾರೆ. ಎಪ್ಪತ್ತು ದಾಟಿದ ಅಜ್ಜಿಯರು ಎರಡು ಕೋಲು ಹಿಡಿದು ನಿಮ್ಮನ್ನು ದಾಟಿಕೊಂಡು ಹೋಗುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ತಲಕಾವೇರಿಯ ಹಾಗೆ ಅಲ್ಲಿ ನದಿ ಹುಟ್ಟುವ ಜಾಗ ಏನಾದರೂ ಇದೆಯಾ ಅಕ್ಕಾ? ಇದ್ದರೆ ಜನ ಏನು ಮಾಡ್ತಾರೆ?
— ಓದುಗ, ಭಾಗಮಂಡಲ

ಇದೆ ತಮ್ಮ, ಅದೂ ಜಗಳದ ಸಮೇತ. ಡ್ಯಾನ್ಯೂಬ್ ನದಿ ಬ್ಲ್ಯಾಕ್ ಫಾರೆಸ್ಟ್‌ನಲ್ಲೇ ಹುಟ್ಟುವುದು. ಹತ್ತು ದೇಶ ಮುಟ್ಟಿಕೊಂಡು ಕಪ್ಪು ಸಮುದ್ರ ಸೇರುತ್ತದೆ. ವಿಯೆನ್ನಾ, ಬುಡಾಪೆಸ್ಟ್, ಬೆಲ್‌ಗ್ರೇಡ್ ಎಲ್ಲ ಅದರ ದಡದಲ್ಲೇ ಇರುವುದು. ಆದರೆ ಹುಟ್ಟಿದ್ದು ಎಲ್ಲಿ ಅನ್ನುವುದಕ್ಕೆ ಎರಡು ಊರಿನವರು ಬಹಳ ವರ್ಷ ಹಗ್ಗ ಜಗ್ಗಿದ್ದಾರೆ.

ಡೊನಾವ್‌ಎಶಿಂಗೆನ್ ಅನ್ನುವ ಪಟ್ಟಣದಲ್ಲಿ ಫ್ಯುರ್ಸ್ಟೆನ್‌ಬೆರ್ಗ್ ರಾಜಮನೆತನದ ಅರಮನೆ ಇದೆ. ಅದರ ಪಕ್ಕ, ಚರ್ಚಿನ ಕೆಳಗೆ, ಕಬ್ಬಿಣದ ಕಟಕಟೆ ಹಾಕಿದ ದುಂಡಗಿನ ಕಲ್ಲಿನ ಕೊಳ. ಸ್ವಲ್ಪ ಹೊತ್ತು ಬಗ್ಗಿ ನೋಡಿ. ತಳದಿಂದ ಸಣ್ಣ ಸಣ್ಣ ಗುಳ್ಳೆ ಎದ್ದು ಮೇಲೆ ಬರುತ್ತವೆ. ನೀರು ತಿಳಿ ಹಸಿರು. ತಳದಲ್ಲಿ ಚಿಲ್ಲರೆ ಕಾಸು. ಕಾಸು ಹಾಕುವ ಚಟ ನಮಗೆ ಮಾತ್ರ ಅಲ್ಲ, ನೋಡಿ. ಮೇಲೆ ಕಲ್ಲಿನ ಮೂರ್ತಿಗಳಿವೆ. ತಾಯಿಯೊಬ್ಬಳು ಎಳೆಯ ಮಗಳಿಗೆ ಪೂರ್ವದ ಕಡೆ ದಾರಿ ತೋರಿಸುತ್ತಿದ್ದಾಳೆ. ಮಗಳೇ ಡ್ಯಾನ್ಯೂಬ್, ತಾಯಿ ಆ ಸೀಮೆ. ಕೊಳದ ನೀರು ನೆಲದಡಿ ಹೋಗಿ ಬ್ರಿಗಾಖ್ ಹೊಳೆ ಸೇರುತ್ತದೆ. ಊರಾಚೆ ಬ್ರಿಗಾಖ್, ಬ್ರೆಗ್ ಎರಡೂ ಕೂಡುತ್ತವೆ. ಅಲ್ಲಿಂದ ಹೆಸರು ಡ್ಯಾನ್ಯೂಬ್. ತಲಕಾವೇರಿಯ ಕುಂಡಿಕೆಯಿಂದ ಕಾವೇರಿ ನೆಲದಡಿ ಹರಿದು ನಿಮ್ಮೂರಲ್ಲಿ ಕನ್ನಿಕೆ, ಸುಜ್ಯೋತಿ ಸೇರುವ ಕಥೆ ಕೇಳಿ ಬೆಳೆದವರಿಗೆ ಇದನ್ನು ವಿವರಿಸಬೇಕಾ?

ಆದರೆ ಬ್ರೆಗ್ ಹೊಳೆ ಉದ್ದ ಜಾಸ್ತಿ. ಅದು ಹುಟ್ಟುವುದು ಫುರ್ಟ್‌ವಾಂಗೆನ್ ಮೇಲಿನ ಬೆಟ್ಟದಲ್ಲಿ, 1078 ಮೀಟರ್ ಎತ್ತರದಲ್ಲಿ. "ಉದ್ದದ ಹೊಳೆಯೇ ಮೂಲ, ಅರಮನೆಯ ಕೊಳ ಬರೀ ಶೋಕಿ" ಅಂತ ಅವರ ವಾದ. ನನ್ನನ್ನು ಕೇಳಿದರೆ ಫುರ್ಟ್‌ವಾಂಗೆನ್ ಜಾಗವೇ ಹಿಡಿಸಿತು. ಹುಲ್ಲುಗಾವಲು, ಪಕ್ಕದಲ್ಲಿ ಹಳೇ ಪ್ರಾರ್ಥನಾ ಮಂದಿರ, ಒಂದಿಷ್ಟು ಕಲ್ಲಿನ ನಡುವೆ ಬೆರಳು ದಪ್ಪದ ನೀರು. ಗದ್ದಲ ಇಲ್ಲ. ಅಲ್ಲೇ ಹತ್ತಿರದಲ್ಲಿ ಎಲ್ತ್ಸ್ ಅಂತ ಇನ್ನೊಂದು ಹೊಳೆ ಹುಟ್ಟಿ ರೈನ್ ನದಿಯ ಕಡೆ ಇಳಿಯುತ್ತದೆ. ಒಂದೇ ಬೆಟ್ಟದ ಮಳೆ, ಅರ್ಧ ಕಪ್ಪು ಸಮುದ್ರಕ್ಕೆ, ಅರ್ಧ ಉತ್ತರ ಸಮುದ್ರಕ್ಕೆ. ಬ್ರಹ್ಮಗಿರಿಯಲ್ಲಿ ನಿಂತು ಈ ಕಡೆ ನೀರು ಬಂಗಾಳಕೊಲ್ಲಿಗೆ, ಆ ಕಡೆ ನೀರು ಅರಬ್ಬಿ ಸಮುದ್ರಕ್ಕೆ ಅಂತ ಮಕ್ಕಳಿಗೆ ತೋರಿಸುತ್ತೀರಲ್ಲ, ಅದೇ ಲೆಕ್ಕ.

ಇನ್ನೊಂದು ಚೋದ್ಯ ಹೇಳಬೇಕು. ಡೊನಾವ್‌ಎಶಿಂಗೆನ್ ದಾಟಿ ಇಮ್ಮೆಂಡಿಂಗೆನ್ ಹತ್ತಿರ ಬಂದಾಗ ಈ ದೊಡ್ಡ ನದಿ ಬೇಸಿಗೆಯಲ್ಲಿ ಮಾಯವಾಗುತ್ತದೆ. ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಂಗಿಹೋಗಿ, ನೀವು ನದಿಯ ತಳದಲ್ಲೇ ಚಪ್ಪಲಿ ಹಾಕಿಕೊಂಡು ನಡೆಯಬಹುದು. ನೀರು ಎಲ್ಲಿ ಹೋಗುತ್ತದೆ ಅಂತ ತಿಳಿಯಲು 1877ರಲ್ಲಿ ಉಪ್ಪು, ಬಣ್ಣ ಎಲ್ಲ ಸುರಿದು ನೋಡಿದರು. ಮೂರು ದಿನದೊಳಗೆ ಸುಮಾರು 12 ಕಿಲೋಮೀಟರ್ ಆಚೆ ಆಖ್ ಅನ್ನುವ ಚಿಲುಮೆಯಲ್ಲಿ ನೀರು ಹಸಿರಾಗಿ ಎದ್ದಿತು. ಆ ನೀರು ಸೇರುವುದು ರೈನ್ ನದಿಗೆ. ಅಂದರೆ ಡ್ಯಾನ್ಯೂಬ್ ನೀರನ್ನು ರೈನ್ ಕದಿಯುತ್ತಿದೆ. ನಮ್ಮ ಹಾಗೆ ಟ್ರಿಬ್ಯೂನಲ್ ಇನ್ನೂ ಬಂದಿಲ್ಲ! ಹಾಗಂತ ಅಲ್ಲೂ ನೀರಿನ ಕೇಸು ಕೋರ್ಟ್ ಹತ್ತಿದ್ದುಂಟು.

ವೀಸಾಕ್ಕೆ ಏನೇನು ಬೇಕು? ನಮಗೆ ಸಂಬಳದ ಸ್ಲಿಪ್ ಇಲ್ಲ, ತೋಟ ಮಾತ್ರ.
— ಓದುಗ, ಗೋಣಿಕೊಪ್ಪ

ಷೆಂಗೆನ್ ವೀಸಾ, ಜರ್ಮನಿ ಸೇರಿ ಯುರೋಪಿನ ಹಲವು ದೇಶಗಳಿಗೆ ಅದೊಂದೇ. ದೊಡ್ಡವರಿಗೆ 90 ಯೂರೋ ಶುಲ್ಕ, 2024ರ ಜೂನ್‌ನಿಂದ ಅಷ್ಟಾಗಿದೆ. ಏಜೆನ್ಸಿಯ ಸರ್ವಿಸ್ ಚಾರ್ಜ್ ಬೇರೆ. ಕನಿಷ್ಠ 30,000 ಯೂರೋ ಕವರ್ ಇರುವ ಟ್ರಾವೆಲ್ ಇನ್ಶೂರೆನ್ಸ್ ಕಡ್ಡಾಯ. ಹೊರಡುವ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಕೊನೆಯ 15 ದಿನದೊಳಗೆ ಹಾಕುವಂತಿಲ್ಲ. ಬೇಸಿಗೆ ರಜೆಗೆ ಹೋಗುವವರು ಜಾಸ್ತಿ, ಸ್ಲಾಟ್ ಸಿಗುವುದು ಕಷ್ಟ, ಬೇಗ ಅರ್ಜಿ ಹಾಕಿ. ಬೆರಳಚ್ಚಿಗೆ ಬೆಂಗಳೂರಿಗೆ ನೀವೇ ಹೋಗಬೇಕು.

ಸಂಬಳ ಇಲ್ಲ ಅಂತ ಗಾಬರಿ ಬೇಡ. ಬ್ಯಾಂಕ್ ಸ್ಟೇಟ್‌ಮೆಂಟ್, ಇನ್‌ಕಮ್ ಟ್ಯಾಕ್ಸ್ ರಿಟರ್ನ್, ಪಹಣಿಯ ಇಂಗ್ಲಿಷ್ ಅನುವಾದ, ಕಾಫಿ ಮಾರಿದ ಬಿಲ್ಲುಗಳು. ಜೊತೆಗೆ "ನಾವು ಬೆಳೆಗಾರರು, ಕೊಯ್ಲಿಗೆ ವಾಪಸ್ ಬರಲೇಬೇಕು" ಅಂತ ಒಂದು ಪುಟದ ಪತ್ರ. ವಾಪಸ್ ಬರುತ್ತೀರಿ ಅನ್ನುವುದು ಅವರಿಗೆ ಗೊತ್ತಾಗಬೇಕು, ಅಷ್ಟೇ. ಹೋಗುವ ಹಿಂದಿನ ವಾರ ಯಾರದೋ ದುಡ್ಡು ತಂದು ಅಕೌಂಟಿಗೆ ಹಾಕಬೇಡಿ, ಅದು ಕಣ್ಣಿಗೆ ಹೊಡೆಯುತ್ತದೆ.

ನಾವು ಶುದ್ಧ ಸಸ್ಯಾಹಾರಿಗಳು. ಅಲ್ಲಿ ಉಪವಾಸವೇ ಗತಿ ಅಂತಾರೆ, ನಿಜವಾ? — ಓದುಗರು, ಶನಿವಾರಸಂತೆ
ಅಕ್ಕಾ, ಜರ್ಮನಿಯಲ್ಲಿ ಪಂದಿ ಹೇಗೆ ಮಾಡ್ತಾರೆ? — ಓದುಗ, ವಿರಾಜಪೇಟೆ

ಒಂದೇ ಟಪಾಲಿನಲ್ಲಿ ಎರಡೂ ಬಂದವು. ಒಂದೇ ಎಲೆಯಲ್ಲಿ ಬಡಿಸುವುದಿಲ್ಲ, ಹೆದರಬೇಡಿ.

ಶನಿವಾರಸಂತೆಯವರೇ, ಉಪವಾಸ ಏನೂ ಇಲ್ಲ. ಕೇಸೆ-ಶ್ಪೆಟ್ಸ್ಲೆ ಅಂತ ಕೇಳಿ. ಮೊಟ್ಟೆ ಹಾಕಿ ಕಲಸಿದ ಹಿಟ್ಟಿನ ತುಂಡುಗಳ ಮೇಲೆ ಚೀಸ್, ಹುರಿದ ಈರುಳ್ಳಿ. ಮೊಟ್ಟೆಯೂ ಬೇಡ ಅನ್ನುವವರಿಗೆ ಅದು ಆಗುವುದಿಲ್ಲ. ಊರೂರಿನಲ್ಲಿ ತುರ್ಕಿಯವರ ಅಂಗಡಿ ಇದೆ, ಕಡಲೆ ವಡೆಯಂಥ ಫಲಾಫೆಲ್ ಸಿಗುತ್ತದೆ. ಮೇ ತಿಂಗಳಲ್ಲಿ ಹೋದರೆ ಬಿಳಿ ಆಸ್ಪರಾಗಸ್ ಕಾಲ, ಜೂನ್ 24ರವರೆಗೆ ಎಲ್ಲ ಹೋಟೆಲಿನಲ್ಲೂ ಅದರದೇ ಸಂಭ್ರಮ. ಬೇಕರಿ ಬಗ್ಗೆ ಹೇಳುವುದೇ ಬೇಡ. ಮೋಸ ಹೋಗುವುದು ಎಲ್ಲಿ ಅಂದರೆ, ಆಲೂಗಡ್ಡೆ ಸಲಾಡ್, ಬೇಳೆ ಸೂಪು. ನೋಡಲು ಸಾಧು. ಒಳಗೆ ಮಾಂಸದ ಸಾರೋ ಹಂದಿಮಾಂಸದ ಚೂರೋ ಇರುತ್ತದೆ. ಕೇಳಿಯೇ ತಿನ್ನಿ. ಅಡುಗೆಮನೆ ಇರುವ ರೂಮು ತೆಗೆದುಕೊಂಡು ಅನ್ನ-ಸಾರು ಮಾಡಿಕೊಂಡರೆ ಇನ್ನೂ ವಾಸಿ.

ಈಗ ವಿರಾಜಪೇಟೆ ತಮ್ಮ. ನೀನು ಬವೇರಿಯಾ ರಾಜ್ಯಕ್ಕೆ ಹೋಗಬೇಕು. ಅಲ್ಲಿ ಹುರಿದ ಪಂದಿ, ಕಂದು ಬಣ್ಣದ ಗ್ರೇವಿ, ಪಕ್ಕದಲ್ಲಿ ಕ್ನ್ಯೋಡೆಲ್ ಅಂತ ಆಲೂಗಡ್ಡೆಯ ಉಂಡೆ. ತಟ್ಟೆ ಬಂದಾಗ ನಮ್ಮ ಅಕ್ಕಿ ಉಂಡೆ ಕಡಂಬುಟ್ಟ್ ಅಂತಲೇ ಕೈ ಹಾಕಬೇಕು, ಹಾಗಿರುತ್ತದೆ. ರುಚಿ ಬೇರೆ. ಖಾರ ಇಲ್ಲ, ನಮ್ಮ ಕಪ್ಪು ವಿನೆಗರ್ ಕಾಚಂಪುಳಿಯ ಹುಳಿ ಇಲ್ಲ, ಮೆಣಸು ಲೆಕ್ಕಕ್ಕೆ ಮಾತ್ರ. ಆದರೆ ಚರ್ಮ ಹುರಿಯುವುದರಲ್ಲಿ ಅವರನ್ನು ಮೀರಿಸುವುದು ಕಷ್ಟ. ಚಾಕು ಇಟ್ಟರೆ ಹಪ್ಪಳದ ಸದ್ದು.

ಬ್ಲ್ಯಾಕ್ ಫಾರೆಸ್ಟ್‌ನಲ್ಲಿ ಗುಟಾಖ್ ಅನ್ನುವ ಊರಿನಲ್ಲಿ ಹಳೇ ತೋಟದ ಮನೆಗಳ ಬಯಲು ಮ್ಯೂಸಿಯಂ ಇದೆ. ಮುಖ್ಯ ಮನೆ 1612ರದ್ದು. ದೊಡ್ಡ ಇಳಿಜಾರು ಮಾಡು, ಒಂದೇ ಸೂರಿನಡಿ ಮನುಷ್ಯರು, ದನ, ಮೇಲೆ ಹುಲ್ಲಿನ ಅಟ್ಟ. ಅಡುಗೆಮನೆಗೆ ಹೋಗಿ ತಲೆ ಎತ್ತಿ ನೋಡು. ಗೋಡೆ, ತೊಲೆ ಎಲ್ಲ ಹೊಗೆ ಹಿಡಿದು ಟಾರು ಬಳಿದ ಹಾಗೆ ಕಪ್ಪು. ಹಿಂದೆಲ್ಲ ಪಂದಿ ತೊಡೆ ನೇತುಹಾಕುತ್ತಿದ್ದದ್ದು ಇಂಥ ಹೊಗೆಯಲ್ಲೇ. ಈಗಲೂ ಶ್ವಾರ್ಟ್ಸ್‌ವಾಲ್ಡ್ (ಬ್ಲ್ಯಾಕ್ ಫಾರೆಸ್ಟ್) ಹ್ಯಾಮ್ ಅಂದರೆ ಫರ್ ಮರದ ಹೊಗೆ ಕೊಟ್ಟದ್ದೇ. ಒಲೆ ಮೇಲೆ ಒಣಕಲು ಮಾಂಸ ಕಟ್ಟುತ್ತಿದ್ದ ನಮ್ಮ ಮನೆತನದ ಮೂಲಮನೆ, ಐನ್‌ಮನೆಗಳ ಅಡುಗೆಮನೆ ಕಂಡವರಿಗೆ ಅಲ್ಲಿಂದ ಬೇಗ ಹೊರಡಲು ಮನಸ್ಸಾಗುವುದಿಲ್ಲ.

ಶಾಲೆಯಲ್ಲಿ ಕನ್ನಡ ಪಾಠ ಮಾಡುವವಳು ನಾನು. ಮೋಗ್ಲಿಂಗ್, ಕಿಟೆಲ್ ಇವರ ಊರುಗಳನ್ನು ನೋಡಬಹುದಾ?
— ಓದುಗರು, ಮಡಿಕೇರಿ

ಟೀಚರ್, ಇಡೀ ಚೀಲದಲ್ಲಿ ನನಗೆ ಖುಷಿ ಕೊಟ್ಟ ಪ್ರಶ್ನೆ ನಿಮ್ಮದು. ನೋಡಬಹುದು, ಮತ್ತು ಕನ್ನಡದವರು ನೋಡಲೇಬೇಕು. ಸ್ಟುಟ್‌ಗಾರ್ಟ್‌ನಲ್ಲಿ ಉಳಿದುಕೊಂಡರೆ ಹೆಚ್ಚಿನ ಊರುಗಳು ಬೆಳಿಗ್ಗೆ ಹೋಗಿ ಸಂಜೆ ಬರುವಷ್ಟು ದೂರ.

ಹರ್ಮನ್ ಮೋಗ್ಲಿಂಗ್ ಹುಟ್ಟಿದ್ದು 1811ರಲ್ಲಿ, ಬ್ರಾಕೆನ್‌ಹೈಮ್ ಅನ್ನುವ ದ್ರಾಕ್ಷಿತೋಟಗಳ ಪಟ್ಟಣದಲ್ಲಿ. 1843ರಲ್ಲಿ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದವರು. ಆಮೇಲೆ ನಮ್ಮ ಕೊಡಗಿಗೂ ಬಂದು ಇದ್ದರು. ಕೊಡಗಿನ ಬಗ್ಗೆ ಅವರು ಬರೆದ ಇಂಗ್ಲಿಷ್ ಪುಸ್ತಕ 1855ರಲ್ಲಿ ಅಚ್ಚಾಯಿತು. ಬಂದದ್ದು ಧರ್ಮಪ್ರಚಾರಕ್ಕೆ, ಅದನ್ನೇನೂ ಮುಚ್ಚಿಡಬೇಕಿಲ್ಲ. ಆದರೆ ಹಳೇ ಕಾವ್ಯ, ದಾಸರ ಪದ, ಗಾದೆ ಎಲ್ಲ ಹುಡುಕಿ ಅಚ್ಚುಹಾಕಿಸಿದ ಕೆಲಸ ಇಂದಿಗೂ ನಮ್ಮ ಕೈಯಲ್ಲಿದೆ. ಬ್ರಾಕೆನ್‌ಹೈಮ್‌ನವರಿಗೆ ಹೆಮ್ಮೆ ಜಾಸ್ತಿ ಇರುವುದು ಪಶ್ಚಿಮ ಜರ್ಮನಿಯ ಮೊದಲ ಅಧ್ಯಕ್ಷ ಥಿಯೋಡರ್ ಹೊಯ್ಸ್ ಅಲ್ಲಿ ಹುಟ್ಟಿದರು ಅಂತ. ಇರಲಿ, ನಮ್ಮ ಹೆಮ್ಮೆ ನಮಗೆ.

ಕಿಟೆಲ್ ಕೊನೆಗಾಲ ಕಳೆದದ್ದು ಟ್ಯೂಬಿಂಗೆನ್‌ನಲ್ಲಿ. 1903ರಲ್ಲಿ ತೀರಿಕೊಂಡದ್ದೂ ಅಲ್ಲೇ. ಅವರ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಹೊರಬಂತು. ಎರಡು ವರ್ಷದ ಮೇಲೆ ಅಲ್ಲಿನ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಟ್ಟಿತು. ಟ್ಯೂಬಿಂಗೆನ್ ಊರು ಹೇಗಿದೆ ಅಂದರೆ, ನೆಕ್ಕರ್ ನದಿ, ದಡದ ಮೇಲೆ ಬಣ್ಣಬಣ್ಣದ ಕಿರಿದಾದ ಮನೆಗಳ ಸಾಲು, ನಡುವೆ ಕವಿ ಹ್ಯೋಲ್ಡರ್ಲಿನ್ ಮೂವತ್ತಾರು ವರ್ಷ ಇದ್ದ ಹಳದಿ ಗೋಪುರ. ವಿದ್ಯಾರ್ಥಿಗಳು ಉದ್ದನೆಯ ಕೋಲು ಊರಿ ಚಪ್ಪಟೆ ದೋಣಿ ನಡೆಸುತ್ತಾರೆ. ದುಡ್ಡು ಕೊಟ್ಟು ಕುಳಿತುಕೊಳ್ಳಿ.

ಅಲ್ಲಿಂದ ಕಾಲ್ವ್ ಊರಿಗೂ ಹೋಗಿ. ಮಲಯಾಳಂ ನಿಘಂಟು ಮಾಡಿದ ಹರ್ಮನ್ ಗುಂಡರ್ಟ್ ಕೊನೆಗಾಲದಲ್ಲಿ ಇದ್ದ ಊರು. ಅವರ ಮಗಳು ಮರೀ ಹುಟ್ಟಿದ್ದು 1842ರಲ್ಲಿ ತಲಶ್ಶೇರಿಯಲ್ಲಿ. ಮಾಕುಟ್ಟ ಘಾಟಿ ಇಳಿದು ನಾವು ಮೀನು ತರಲು ಹೋಗುವ ಅದೇ ತಲಶ್ಶೇರಿ. ಆಕೆಯ ಮಗನೇ ನೊಬೆಲ್ ಪಡೆದ ಸಾಹಿತಿ ಹರ್ಮನ್ ಹೆಸ್ಸೆ. ಸೇತುವೆಯ ಮೇಲೆ, ಟೋಪಿ ಕೈಯಲ್ಲಿ ಹಿಡಿದ ಅವನ ಕಂಚಿನ ಪ್ರತಿಮೆ ಇದೆ. ಆಳೆತ್ತರದ್ದು, ಪೀಠ ಇಲ್ಲ, ಪಕ್ಕದಲ್ಲಿ ನಿಂತು ಮಾತಾಡಿಸಬಹುದು.

ಕಿಟೆಲ್ ಹುಟ್ಟೂರು ಮಾತ್ರ ದೂರ. ಉತ್ತರ ಸಮುದ್ರದ ದಂಡೆಯ ಈಸ್ಟ್ ಫ್ರೀಸಿಯಾ, ರೆಸ್ಟರ್‌ಹಾಫೆ ಅನ್ನುವ ಪುಟ್ಟ ಹಳ್ಳಿ. ಸೀಮೆಯೆಲ್ಲ ಚಪ್ಪಟೆ, ಗಾಳಿ, ಕುರಿ. ಕಾಫಿ ಕುಡಿಯುವ ಜರ್ಮನಿಯಲ್ಲಿ ಅದೊಂದು ಸೀಮೆ ಟೀ ಕುಡಿಯುತ್ತದೆ. ತಲೆಗೆ ವರ್ಷಕ್ಕೆ ಸುಮಾರು 300 ಲೀಟರ್! ಬಟ್ಟಲಿಗೆ ಮೊದಲು ಕಲ್ಲುಸಕ್ಕರೆ, ಅದರ ಮೇಲೆ ಬಿಸಿ ಟೀ ಬಿದ್ದಾಗ ಚಟಚಟ ಅನ್ನುತ್ತದೆ. ಆಮೇಲೆ ಅಂಚಿನಿಂದ ಚಮಚದಲ್ಲಿ ಕೆನೆ. ಕದಡಬಾರದು. ಮೊದಲು ಕೆನೆ, ಆಮೇಲೆ ಕಹಿ, ಕೊನೆಗೆ ಸಿಹಿ ನಾಲಿಗೆಗೆ ಬರಬೇಕು. ಮೂರು ಬಟ್ಟಲು ಕುಡಿಯುವುದು ಮರ್ಯಾದೆ. ಸಾಕು ಅಂದರೆ ಚಮಚವನ್ನು ಬಟ್ಟಲಲ್ಲಿ ಇಡಿ, ಇಲ್ಲದಿದ್ದರೆ ಸುರಿಯುತ್ತಲೇ ಇರುತ್ತಾರೆ.

ನಮ್ಮ ಕಾಫಿ ಜರ್ಮನಿಗೆ ಹೋಗುತ್ತದಂತಲ್ಲ, ಅಂಗಡಿಯಲ್ಲಿ ಕೂರ್ಗ್ ಹೆಸರು ಕಾಣುತ್ತದಾ?
— ಬೆಳೆಗಾರರು, ಸುಂಟಿಕೊಪ್ಪ

ಹೋಗುತ್ತದೆ. ಇಟಲಿ, ಜರ್ಮನಿ ನಮ್ಮ ದೊಡ್ಡ ಗಿರಾಕಿಗಳು. ಹೆಸರು ಕಾಣುವುದು ಅಪರೂಪ. ನಮ್ಮ ರೊಬಸ್ಟಾ ಬಹಳಷ್ಟು ಎಸ್ಪ್ರೆಸ್ಸೋ ಮಿಶ್ರಣದೊಳಗೆ ಕರಗಿಹೋಗುತ್ತದೆ. ಮಾನ್ಸೂನ್ಡ್ ಮಲಬಾರ್ (ಮಳೆಗಾಳಿಗೆ ಒಡ್ಡಿ ಹದಮಾಡಿದ ನಮ್ಮ ಕಾಫಿ) ಅಂತ ಬರೆದ ಪೊಟ್ಟಣ ಆಗೊಮ್ಮೆ ಈಗೊಮ್ಮೆ ಸಿಕ್ಕೀತು. ಅಲ್ಲಿ ಹುರಿದ ಕಾಫಿಗೆ ಕಿಲೋಗೆ 2.19 ಯೂರೋ ತೆರಿಗೆ ಬೇರೆ ಇದೆ, ಕಾಫಿಗೆಂದೇ ಇರುವ ತೆರಿಗೆ. ಒಂದು ಕಿಲೋಗೆ ಬೆಳೆಗಾರನ ಪಾಲು ಎಷ್ಟು, ಸರ್ಕಾರದ ಪಾಲು ಎಷ್ಟು ಅಂತ ಅಂಗಡಿಯಲ್ಲಿ ನಿಂತು ಲೆಕ್ಕ ಹಾಕಿದರೆ ಹೊಟ್ಟೆ ಉರಿಯುತ್ತದೆ. ಹಾಕಬೇಡಿ.

ಹ್ಯಾಂಬರ್ಗ್‌ಗೆ ಹೋಗಿ. ಬಂದರಿನ ಹಳೇ ಗೋದಾಮುಗಳ ಸಾಲು ಶ್ಪೈಖರ್‌ಸ್ಟಾಟ್, ಕೆಂಪು ಇಟ್ಟಿಗೆ, ಬಾಗಿಲಿಗೇ ಕಾಲುವೆ. 2015ರಿಂದ ವಿಶ್ವ ಪರಂಪರೆ ತಾಣ. ಕಾಫಿ ಮೂಟೆಗಳು ದೋಣಿಯಿಂದ ನೇರ ಮೇಲಂತಸ್ತಿಗೆ ಏರುತ್ತಿದ್ದ ರಾಟೆಗಳು ಇನ್ನೂ ಇವೆ. ಅಲ್ಲೇ ಒಂದು ನೆಲಮಾಳಿಗೆಯಲ್ಲಿ ಕಾಫಿ ಮ್ಯೂಸಿಯಂ. ಕಾಗದದ ಫಿಲ್ಟರ್ ಕಂಡುಹಿಡಿದದ್ದೂ ಜರ್ಮನಿಯಲ್ಲೇ. 1908ರಲ್ಲಿ ಡ್ರೆಸ್ಡೆನ್‌ನ ಮೆಲಿಟಾ ಬೆಂಟ್ಸ್ ಅನ್ನುವ ಗೃಹಿಣಿ, ಮಗನ ನೋಟ್‌ಬುಕ್ಕಿನ ಬ್ಲಾಟಿಂಗ್ ಪೇಪರ್ ಹರಿದು, ತೂತು ಮಾಡಿದ ಹಿತ್ತಾಳೆ ಪಾತ್ರೆಗೆ ಹಾಕಿ ಸೋಸಿದಳು. ಆ ಪೇಪರ್ ಕಾಫಿ ಕುಡಿದಾಗ ನಮ್ಮ ಬೆಲ್ಲದ ಕಾಫಿಯವರಿಗೆ ಬಿಸಿನೀರು ಅನ್ನಿಸಬಹುದು. ಜೊತೆಗೆ ಕೇಕ್ ತಿನ್ನಿ, ಸರಿಹೋಗುತ್ತದೆ. ಮಧ್ಯಾಹ್ನ ಮೂರು-ನಾಲ್ಕರ ಕಾಫಿ-ಕೇಕ್ ಅಲ್ಲಿ ಮನೆಮನೆಯ ಪದ್ಧತಿ.

ಬೆಟ್ಟದ ಮೇಲಿನ ಆ ಬಿಳಿ ಅರಮನೆ, ಎಲ್ಲರ ಡಿಪಿಯಲ್ಲಿ ಇರುತ್ತಲ್ಲ, ನೋಡಲೇಬೇಕಾ?
— ಓದುಗಿ, ಕುಶಾಲನಗರ

ನೊಯ್‌ಶ್ವಾನ್‌ಸ್ಟೈನ್. ಹೊರಗಿನಿಂದ ನೋಡಿ, ಸಾಕು. ಬವೇರಿಯಾದ ದೊರೆ ಎರಡನೇ ಲುಡ್ವಿಗ್ 1869ರಲ್ಲಿ ಶುರುಮಾಡಿ, 1886ರಲ್ಲಿ ಸತ್ತಾಗ ಇನ್ನೂ ಮುಗಿದಿರಲಿಲ್ಲ. 2025ರಲ್ಲಿ ವಿಶ್ವ ಪರಂಪರೆ ಪಟ್ಟಿಗೂ ಸೇರಿತು, ಇನ್ನು ಜನ ಕೇಳಬೇಕಾ! ಒಳಗೆ ಹೋಗಲೇಬೇಕಿದ್ದರೆ ಆನ್‌ಲೈನ್‌ನಲ್ಲಿ ಮೊದಲೇ ಟಿಕೆಟ್ ಮಾಡಿ. ಅರ್ಧ ಗಂಟೆ ಚಿಲ್ಲರೆ ಸುತ್ತಿಸುತ್ತಾರೆ, ಫೋಟೋ ತೆಗೆಯುವ ಹಾಗಿಲ್ಲ.

ಅದರ ಬದಲು ಆಸ್ಟ್ರಿಯಾ ಗಡಿಯ ಕ್ಯೋನಿಗ್ಸ್‌ಸೀ ಕೆರೆಗೆ ಹೋಗು ಅನ್ನುತ್ತೇನೆ. 1909ರಿಂದ ಅಲ್ಲಿ ಬ್ಯಾಟರಿ ದೋಣಿಗಳು ಮಾತ್ರ. ಹೊಗೆ ಇಲ್ಲ, ಸದ್ದಿಲ್ಲ. ಕಡಿದಾದ ಬಂಡೆಗೋಡೆಯ ಎದುರು ದೋಣಿ ನಿಲ್ಲಿಸಿ ಅಂಬಿಗ ತುತ್ತೂರಿ ಊದುತ್ತಾನೆ. ಒಂದು ಸಾಲು ಊದಿ ನಿಲ್ಲಿಸುತ್ತಾನೆ. ಬಂಡೆ ಅದನ್ನೇ ತಿರುಗಿ ನುಡಿಸುತ್ತದೆ. ಆಮೇಲೆ ಟಿಪ್ಸ್‌ಗೆ ಟೋಪಿ ಒಡ್ಡುತ್ತಾನೆ. ಹಾಕು, ಪಾಪ, ಬಂಡೆಗೂ ಪಾಲು ಕೊಡಬೇಕೋ ಏನೋ.

ನಮ್ಮ ಕೈಲ್‌ಪೊಳ್ದ್‌ನ ತೆಂಗಿನಕಾಯಿಗೆ ಗುಂಡು ಹೊಡೆಯುವ ಆಟ ಇದೆಯಲ್ಲ, ಅಂಥದ್ದು ಅಲ್ಲಿದೆಯಾ?
— ಓದುಗ, ನಾಪೋಕ್ಲು

ಇದೆ! ಶ್ಯುಟ್ಸೆನ್‌ಫೆಸ್ಟ್ ಅಂತಾರೆ. ಉತ್ತರ, ಪಶ್ಚಿಮದ ಹಳ್ಳಿಗಳಲ್ಲಿ ಬೇಸಿಗೆಯ ದೊಡ್ಡ ಹಬ್ಬ ಅದೇ. ಎತ್ತರದ ಕಂಬದ ಮೇಲೆ ಮರದ ಹದ್ದು. ಸರದಿಯಲ್ಲಿ ಗುಂಡು ಹೊಡೆಯುತ್ತಾರೆ. ಕಿರೀಟ, ರೆಕ್ಕೆ ಅಂತ ಒಂದೊಂದೇ ಚೂರು ಉದುರುತ್ತದೆ. ಕೊನೆಯ ತುಂಡು ಬೀಳಿಸಿದವನು ಆ ವರ್ಷದ ರಾಜ. ಕೊರಳಿಗೆ ಬೆಳ್ಳಿಯ ಸರ, ಊರೆಲ್ಲ ಮೆರವಣಿಗೆ, ಬ್ಯಾಂಡು, ಬಿಯರು. ರಾಜನಾದವನಿಗೆ ಖರ್ಚು ಜಾಸ್ತಿ ಅಂತ ಕೆಲವರು ಬೇಕಂತಲೇ ಗುರಿ ತಪ್ಪಿಸುತ್ತಾರೆ ಅಂತ ತಮಾಷೆ ಮಾಡುತ್ತಾರೆ. ಹಿಂದೆ ಊರು ಕಾಯುತ್ತಿದ್ದ ಕಾವಲು ಪಡೆಗಳಿಂದ ಬಂದ ಪದ್ಧತಿ. ದೊಡ್ಡದು ನೋಡಬೇಕಾದರೆ ಜುಲೈ ಹೊತ್ತಿಗೆ ಹ್ಯಾನೋವರ್, ಆಗಸ್ಟ್ ಕೊನೆಗೆ ನೊಯ್ಸ್. ನನ್ನ ಕೇಳಿದರೆ ಹಳ್ಳಿಯದೇ ಚೆಂದ. ಕೋವಿ ಮುಟ್ಟಲು ಮಾತ್ರ ಹೋಗಬೇಡ. ಕಾನೂನು ಭಾರಿ ಬಿಗಿ, ಸಂಘದ ಸದಸ್ಯರ ಆಟ ಅದು.

ಕೊಡವ ತಕ್ಕ್ ಆಡುವ ಮಕ್ಕಳು ಕಮ್ಮಿಯಾಗ್ತಿದ್ದಾರೆ. ಜರ್ಮನಿಯಂಥ ದೇಶದಲ್ಲೂ ಇಂಥ ಸಣ್ಣ ಭಾಷೆ ಇದೆಯಾ? ಪ್ರವಾಸಿಗೆ ಅದು ಕಾಣುತ್ತದಾ?
— ಓದುಗ, ಮಡಿಕೇರಿ

ಕಾಣುತ್ತದೆ, ಬೋರ್ಡಿನಲ್ಲೇ. ಪೂರ್ವದ ಬೌಟ್ಸೆನ್ ಸುತ್ತ, ಶ್ಪ್ರೇವಾಲ್ಡ್ ಸುತ್ತ ಸೋರ್ಬ್ ಜನ ಇದ್ದಾರೆ. ಸುಮಾರು 60,000 ಮಂದಿ. ಭಾಷೆ ಜರ್ಮನ್ನಿನ ಥರ ಅಲ್ಲವೇ ಅಲ್ಲ, ಪೋಲಿಷ್, ಚೆಕ್ ಕಡೆಯದು. ಅದರಲ್ಲೂ ಮೇಲಿನ ಸೋರ್ಬ್, ಕೆಳ ಸೋರ್ಬ್ ಅಂತ ಎರಡು ಬಗೆ. ಬೌಟ್ಸೆನ್‌ನಲ್ಲಿ ರಸ್ತೆ ಹೆಸರು, ಸ್ಟೇಷನ್ ಹೆಸರು ಎರಡು ಭಾಷೆಯಲ್ಲಿ. ಸೋರ್ಬ್ ಭಾಷೆಯ ದಿನಪತ್ರಿಕೆ ಇದೆ, ನಾಟಕಶಾಲೆ ಇದೆ, ಮ್ಯೂಸಿಯಂ ಇದೆ. ಅವರ ಪೈಕಿಯವರೇ ಒಬ್ಬರು, ಸ್ಟಾನಿಸ್ಲಾವ್ ಟಿಲಿಖ್, 2008ರಿಂದ 2017ರವರೆಗೆ ಸಾಕ್ಸೋನಿ ರಾಜ್ಯದ ಮುಖ್ಯಮಂತ್ರಿ ಆಗಿದ್ದರು. 1998ರಿಂದ ಸೋರ್ಬ್ ಜನ ಶಿಶುವಿಹಾರಗಳಲ್ಲಿ ಮಕ್ಕಳ ಜೊತೆ ಪೂರ್ತಿ ಸೋರ್ಬ್‌ನಲ್ಲೇ ಮಾತಾಡುವ ಯೋಜನೆ ನಡೆಸುತ್ತಿದ್ದಾರೆ. ಇಷ್ಟಿದ್ದೂ ಕೆಳ ಸೋರ್ಬ್ ಆಡುವವರು ಬಹಳ ಕಮ್ಮಿ. ಕಲ್ಲಿದ್ದಲು ಗಣಿಗೆ ಹಳ್ಳಿ ಹಳ್ಳಿಗಳೇ ಹೋದವು. ಊರು ಚದುರಿದರೆ ಭಾಷೆಯೂ ಚದುರುತ್ತದೆ, ಇದನ್ನು ನಾನು ನಿಮಗೆ ಹೇಳಬೇಕಾ?

ಈಸ್ಟರ್ ಸಮಯಕ್ಕೆ ಹೋದರೆ ನೋಡುವಂಥದ್ದು ಬಹಳ. ಗಂಡಸರು ಕಪ್ಪು ಕೋಟು, ಎತ್ತರದ ಟೋಪಿ ಹಾಕಿ, ಕುದುರೆ ಏರಿ ಸೋರ್ಬ್‌ನಲ್ಲಿ ಹಾಡುತ್ತ ಊರಿಂದ ಊರಿಗೆ ಹೋಗುತ್ತಾರೆ. ಹೆಂಗಸರು ಹೆಬ್ಬಾತಿನ ಗರಿಯ ತುದಿಯನ್ನು ಸಣ್ಣದಾಗಿ ಕತ್ತರಿಸಿ, ಬಿಸಿ ಮೇಣಕ್ಕೆ ಅದ್ದಿ, ಮೊಟ್ಟೆಯ ಮೇಲೆ ಚುಕ್ಕೆ, ತ್ರಿಕೋನ ಒತ್ತುತ್ತಾರೆ. ಬಣ್ಣಕ್ಕೆ ಅದ್ದುತ್ತಾರೆ. ಮತ್ತೆ ಮೇಣ, ಮತ್ತೆ ಬಣ್ಣ. ಕೊನೆಗೆ ದೀಪದ ಹತ್ತಿರ ಹಿಡಿದು ಮೇಣ ಒರೆಸಿದಾಗ ಚಿತ್ತಾರ ಕಾಣುತ್ತದೆ. ಬರ್ಲಿನ್‌ನಿಂದ ಶ್ಪ್ರೇವಾಲ್ಡ್‌ನ ಲ್ಯುಬೆನಾವ್‌ಗೆ ರೈಲಿನಲ್ಲಿ ಸುಮಾರು ಒಂದು ಗಂಟೆ. ಅಲ್ಲಿ ಕಾಲುವೆಗಳ ನಡುವೆ ಹಳ್ಳಿ, ದೋಣಿಯಲ್ಲೇ ಸುತ್ತಾಟ. ಬೇಸಿಗೆಯಲ್ಲಿ ಪಕ್ಕದ ಲೇಡೆ ಹಳ್ಳಿಗೆ ಟಪಾಲು ಬರುವುದೂ ದೋಣಿಯಲ್ಲೇ. ಉಪ್ಪಿನಕಾಯಿ ಸೌತೆಗೆ ಹೆಸರುವಾಸಿ.

ಓದಲು ಹೋಗುತ್ತಿದ್ದೇನೆ ಆಂಟಿ. ಬೈಸಿಕೊಳ್ಳದೆ ಇರುವುದು ಹೇಗೆ?
— ವಿದ್ಯಾರ್ಥಿನಿ, ಪೊನ್ನಂಪೇಟೆ

ಭಾನುವಾರ ಅಂಗಡಿ ಮುಚ್ಚಿರುತ್ತದೆ ಮಗಳೇ, ಶನಿವಾರವೇ ಅಕ್ಕಿ ತಂದಿಡು. ಭಾನುವಾರ ಮಿಕ್ಸಿ, ವ್ಯಾಕ್ಯೂಮ್ ಸದ್ದು ಬೇಡ. ರಸ್ತೆ ಖಾಲಿ ಇದ್ದರೂ ಕೆಂಪು ದೀಪಕ್ಕೆ ದಾಟಬೇಡ, ಮಕ್ಕಳು ನೋಡುತ್ತಿದ್ದರೆ ಅಂತೂ ಬೇಡವೇ ಬೇಡ. ಟ್ರಾಮಿನಲ್ಲಿ ಕಂಡಕ್ಟರ್ ಇಲ್ಲ ಅಂತ ಟಿಕೆಟ್ ಬಿಟ್ಟರೆ 60 ಯೂರೋ ದಂಡ. ತಿಂಗಳಿಗೆ ಒಂದೇ ಟಿಕೆಟ್ ಇದೆ, ದೇಶದ ಎಲ್ಲ ಲೋಕಲ್ ರೈಲು, ಬಸ್ಸಿಗೆ. 2023ರಲ್ಲಿ 49 ಯೂರೋಗೆ ಶುರುವಾಯಿತು, 2025ಕ್ಕೆ 58 ಆಯಿತು, 2026ಕ್ಕೆ 63. ವೇಗದ ಐಸಿಇ ರೈಲಿಗೆ ನಡೆಯುವುದಿಲ್ಲ. ಅದು ಚಂದಾ, ಬೇಡವಾದಾಗ ನೀನೇ ನಿಲ್ಲಿಸಬೇಕು. ಪ್ಲಾಸ್ಟಿಕ್ ನೀರಿನ ಬಾಟಲಿಗೆ 25 ಸೆಂಟ್ ಠೇವಣಿ ಇರುತ್ತದೆ, ಎಸೆಯಬೇಡ, ಅಂಗಡಿಯ ಮೆಷಿನ್ನಿಗೆ ಹಾಕು. ಜೇಬಿನಲ್ಲಿ ಸ್ವಲ್ಪ ನೋಟು ಇರಲಿ, ಎಷ್ಟೋ ಬೇಕರಿಯಲ್ಲಿ ಇನ್ನೂ ಕಾರ್ಡ್ ಬೇಡ ಅಂತಾರೆ.

ಮಗಳು ಮ್ಯೂನಿಕ್‌ನಲ್ಲಿದ್ದಾಳೆ. ತುಪ್ಪ, ಒಣಕಲು ಪಂದಿ, ಜೇನು, ಕಿತ್ತಳೆ, ಕಾಚಂಪುಳಿ ತೆಗೆದುಕೊಂಡು ಹೋಗಬಹುದಾ?
— ತಾಯಿ, ಅಮ್ಮತ್ತಿ

ತುಪ್ಪ, ಪಂದಿ ಎರಡೂ ಇಲ್ಲ. ಯುರೋಪಿಗೆ ಹೊರಗಿನಿಂದ ಮಾಂಸ, ಹಾಲಿನ ಪದಾರ್ಥ ಬ್ಯಾಗಿನಲ್ಲಿ ತರುವಂತಿಲ್ಲ. ಸಿಕ್ಕರೆ ಕಸದ ಬುಟ್ಟಿಗೆ. ಕಿತ್ತಳೆಗೆ ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಬೇಕು, ಯಾರು ಅಲೆಯುತ್ತಾರೆ, ಬಿಡಿ. ಜೇನು ತಲೆಗೆ ಎರಡು ಕಿಲೋವರೆಗೆ ಸರಿ. ಕಾಫಿಪುಡಿ ಧಾರಾಳ. ಪಂದಿ ಅಲ್ಲೇ ಸಿಗುತ್ತದೆ, ಹಾಗಾಗಿ ಮುಖ್ಯವಾದದ್ದು ಕಾಚಂಪುಳಿ. ಮುಚ್ಚಳಕ್ಕೆ ಟೇಪ್ ಸುತ್ತಿ, ಎರಡು ಕವರ್ ಹಾಕಿ, ಹಳೇ ಟವಲಿನಲ್ಲಿ ಕಟ್ಟಿ ಚೆಕ್-ಇನ್ ಬ್ಯಾಗಿಗೆ ಹಾಕಿ. ಕೈಚೀಲದಲ್ಲಿ ಇಟ್ಟರೆ ಬೆಂಗಳೂರಿನಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ.